ಸೀತನಿ ಊಟದ ಪಟ್ಟಿ: ಕೆಂಡದ ಗಡಿಯಾರ ನೋಡಿ ಯೋಜನೆ ಮಾಡೋಣ



ಎಳ್ಳ ಅಮಾವಾಸ್ಯೆ ಮುಗಿದು ಸಂಕ್ರಾಂತಿ ಹತ್ತಿರ ಬಂತಂದ್ರ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಹಳ್ಳಿಗಳಲ್ಲಿ ಒಂದು ಕರೆ ಕೇಳಿಬರುತ್ತದೆ: "ಸೀತನಿ ತಿನ್ನಾಕ ಹೊಲಕ್ಕ ಬರ್ರಿ!" ಹಿಂಗಾರಿ ಜೋಳದ ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಬಿಸಿ ಇರುವಾಗಲೇ ತಿನ್ನುವುದೇ ಸೀತನಿ. ಮರಾಠಿಯಲ್ಲಿ ಇದಕ್ಕೆ ಹುರ್ಡಾ ಎನ್ನುತ್ತಾರೆ. ಕಾಸರಗೋಡು, ತಾಳವಾಡಿ, ನೀಲಗಿರಿಯ ಮಿತ್ರರು ಇದನ್ನು ನೋಡಿರಲಿಕ್ಕಿಲ್ಲ. ಆದರೆ ಬೆಂಕಿಯ ಸುತ್ತ ಕೂತು ಬಂಧು-ಬಳಗ ಒಟ್ಟಿಗೆ ತಿನ್ನುವ ಸುಖ ಯಾವ ಊರಿಗೂ ಹೊಸದಲ್ಲ.

ಈ ಸಲ ನಿಮ್ಮ ಮನೆಯ ಹೊಲಕ್ಕೆ 24 ಮಂದಿ ಬರುತ್ತಾರೆ ಎಂದುಕೊಳ್ಳಿ: ದೊಡ್ಡವರು 12, ಮಕ್ಕಳು 8, ಮುತ್ಯಾ-ಆಯಿ ವಯಸ್ಸಿನವರು 4. "ಏನೇನು ಸುಡಬೇಕು, ಎಷ್ಟು ತರಬೇಕು, ಪಟ್ಟಿ ನೀನಽ ಮಾಡು" ಅಂತ ಕಾಕಾ ಕೆಲಸ ನಿಮಗೇ ಒಪ್ಪಿಸಿದ್ದಾರೆ. ಎಲ್ಲಿಂದ ಶುರು ಮಾಡುತ್ತೀರಿ?

ಬಹಳ ಮಂದಿ ಬಾಯಿರುಚಿಯಿಂದ ಶುರು ಮಾಡುತ್ತಾರೆ. ಹತ್ತು ಪದಾರ್ಥ ಬರೆದುಬಿಡುತ್ತಾರೆ. ಹೊಲಕ್ಕೆ ಹೋದಮೇಲೆ ನೋಡಿದರೆ ಬದನಿಕಾಯಿ ಬೇಯುವಷ್ಟರಲ್ಲಿ ಕೆಂಡ ಆರಿರುತ್ತದೆ, ಗೆಣಸು ಹೊರಗೆ ಕರಕಲು, ಒಳಗೆ ಹಸಿ. ಒಲೆಯ ಉರಿಯನ್ನು ನಾವು ಹೇಳಿದಂತೆ ಏರಿಸಬಹುದು, ಇಳಿಸಬಹುದು. ಕೆಂಡ ನಮ್ಮ ಮಾತು ಅಷ್ಟಾಗಿ ಕೇಳುವುದಿಲ್ಲ. ಅದಕ್ಕೆ ತನ್ನದೇ ಒಂದು ಗಡಿಯಾರ ಇದೆ. ಆ ಗಡಿಯಾರ ನೋಡಿ ಪಟ್ಟಿ ಬರೆಯುವುದೇ ಈ ಪಾಠ.

1. ತೆನೆ ಯಾವಾಗ ಕೀಳಬೇಕು?

ಹೂಬಿಟ್ಟ ಮೇಲೆ ಜೋಳದ ಕಾಳು ಮೂರು ಹಂತ ದಾಟುತ್ತದೆ. ಮೊದಲು ಹಾಲುಗಾಳು: ಉಗುರಿನಿಂದ ಒತ್ತಿದರೆ ಬಿಳಿ ಹಾಲು ಚಿಮ್ಮುತ್ತದೆ. ಆಮೇಲೆ ಮೆತ್ತನೆಯ ಹಿಟ್ಟಿನ ಹಂತ: ಒತ್ತಿದರೆ ಕಲಸಿದ ಹಿಟ್ಟಿನಂತೆ ಹೊರಬರುತ್ತದೆ, ಕಾಳಿನ ಬಣ್ಣ ಇನ್ನೂ ಹಸಿರು. ಕೊನೆಗೆ ಗಟ್ಟಿ ಹಂತ: ಉಗುರು ಇಳಿಯುವುದೇ ಕಷ್ಟ.

ಸೀತನಿಗೆ ಬೇಕಾದದ್ದು ನಡುವಿನ ಹಂತ. ಯಾಕೆ? ಎಲೆಯಲ್ಲಿ ತಯಾರಾದ ಆಹಾರ ಸಕ್ಕರೆಯ ರೂಪದಲ್ಲಿ ಹರಿದು ಕಾಳಿಗೆ ಬರುತ್ತದೆ. ಕಾಳಿನೊಳಗೆ ಆ ಸಕ್ಕರೆ ಪಿಷ್ಟವಾಗಿ ಮಾರ್ಪಟ್ಟು ಶೇಖರವಾಗುತ್ತದೆ. ಹಾಲಿನ ಹಂತದಲ್ಲಿ ಸಿಹಿ ಇದೆ, ಆದರೆ ಕಾಳಿನಲ್ಲಿ ಹುರುಳಿಲ್ಲ. ಗಟ್ಟಿ ಹಂತದಲ್ಲಿ ಹುರುಳಿದೆ, ಸಿಹಿ ಹೋಗಿದೆ. ನಡುವಿನ ಕೆಲವೇ ದಿನ ಸಿಹಿಯೂ ಇದೆ, ತಿಂದರೆ ಹೊಟ್ಟೆಯೂ ತುಂಬುತ್ತದೆ. ಸೀತನಿ ಎಂಬ ಹೆಸರೇ 'ಸಿಹಿ ತೆನೆ' ಎಂಬುದನ್ನು ನೆನಪಿಸುತ್ತದಲ್ಲ!

ಎಲ್ಲ ತಳಿಯೂ ಇದಕ್ಕೆ ಒಂದೇ ತೆರನಲ್ಲ. ನಮ್ಮ ಭಾಗದ ರೊಟ್ಟಿಗೆ ಹೆಸರಾದದ್ದು ಮಾಲದಂಡಿ ಜೋಳ. ಅದರಿಂದ ಆಯ್ದ ಎಂ 35-1 ತಳಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ರೂಪುಗೊಂಡಿತು. ಸೀತನಿಗೆಂದೇ ರೈತರು ಹೊಲದ ಒಂದು ಅಂಚಿನಲ್ಲಿ ಬೇರೆ ಸಿಹಿ ತಳಿ ಬಿತ್ತುವುದೂ ಉಂಟು. ಸುರತಿ, ಗುಳಭೇಂಡಿ ಅಂಥವು. ಇವುಗಳ ಕಾಳು ಮೆತ್ತಗೆ, ಸಿಪ್ಪೆಯಿಂದ ಬೇಗ ಬಿಡುತ್ತದೆ.

ಇನ್ನೊಂದು ಮಾತು. ಕಿತ್ತ ತೆನೆಯೂ ಜೀವಂತವೇ, ಉಸಿರಾಡುತ್ತಲೇ ಇರುತ್ತದೆ. ಉಸಿರಾಟಕ್ಕೆ ಖರ್ಚಾಗುವುದು ಅದೇ ಸಕ್ಕರೆ. ಹಾಗಾಗಿ ಹಿಂದಿನ ದಿನ ಕಿತ್ತು ಮನೆಯಲ್ಲಿಟ್ಟ ತೆನೆ ಸಪ್ಪೆಯಾಗುತ್ತದೆ. ಪಟ್ಟಿಯ ಮೊದಲ ಸಾಲು ಹೀಗಿರಲಿ: "ತೆನೆ ಅವತ್ತೇ, ಸುಡೋ ಮುಂಚೆ ಕೀಳೋದು."

*ಚಟುವಟಿಕೆ:* ಮೂರೂ ಹಂತದ ಐದೈದು ಕಾಳು ತಂದು ಬೇರೆ ಬೇರೆ ತಟ್ಟೆಯಲ್ಲಿ ಜಜ್ಜಿ. ಶಾಲೆಯ ಪ್ರಯೋಗಾಲಯದ ಅಯೋಡಿನ್ ದ್ರಾವಣವನ್ನು ಒಂದೊಂದು ಹನಿ ಹಾಕಿ. ಪಿಷ್ಟ ಇದ್ದಲ್ಲಿ ನೀಲಿ-ಕಪ್ಪು ಬಣ್ಣ ಬರುತ್ತದೆ. ಯಾವ ತಟ್ಟೆಯಲ್ಲಿ ಬಣ್ಣ ಹೆಚ್ಚು ಗಾಢ? ಯಾಕೆ? (ಪರೀಕ್ಷೆ ಮಾಡಿದ ಕಾಳು ಬಾಯಿಗೆ ಹಾಕಬಾರದು.)

2. ಉರಿ ಬೇರೆ, ಕೆಂಡ ಬೇರೆ

ಒಣ ಕುಳ್ಳು (ಬೆರಣಿ) ಅಥವಾ ಕಟ್ಟಿಗೆಗೆ ಬೆಂಕಿ ಹಚ್ಚಿದಾಗ ಶಾಖಕ್ಕೆ ಅದರೊಳಗಿನ ವಸ್ತು ಒಡೆದು ಅನಿಲಗಳು ಹೊರಬರುತ್ತವೆ. ಆ ಅನಿಲ ಉರಿಯುವುದೇ ಜ್ವಾಲೆ. ಪೂರ್ತಿ ಉರಿಯದೆ ಉಳಿದದ್ದು ಹೊಗೆ ಮತ್ತು ಮಸಿ. ಅನಿಲವೆಲ್ಲ ಹೋದಮೇಲೆ ಉಳಿಯುವುದು ಹೆಚ್ಚಾಗಿ ಇಂಗಾಲ. ಅದು ಜ್ವಾಲೆಯಿಲ್ಲದೆ ಕೆಂಪಗೆ ಉರಿಯುತ್ತದೆ. ಅದೇ ಕೆಂಡ.

ಸೀತನಿಯನ್ನು ಉರಿಯಲ್ಲಿ ಸುಡುವುದಿಲ್ಲ, ಕೆಂಡದಲ್ಲೇ ಸುಡುತ್ತಾರೆ. ಉರಿ ಗಾಳಿಗೆ ಓಲಾಡುತ್ತದೆ. ಒಂದು ಕಡೆ ಸುಟ್ಟರೆ ಇನ್ನೊಂದು ಕಡೆ ಹಸಿ. ಮಸಿಯೂ ಅಂಟುತ್ತದೆ. ಕೆಂಡದ ಶಾಖ ಒಂದೇ ಸಮ. ಪಠ್ಯದಲ್ಲಿ ನೀವು ಓದಿದ ಮೂರೂ ವಿಧಾನ ಇಲ್ಲಿ ಕಣ್ಣಮುಂದೆ ನಡೆಯುತ್ತವೆ:

• ವಿಕಿರಣ: ಕುಣಿಯ ಪಕ್ಕ ಕೂತಾಗ ಮುಖ ಬಿಸಿ, ಬೆನ್ನು ತಣ್ಣಗೆ. ಕೆಂಡದಿಂದ ಹೊರಟ ಅವಕೆಂಪು ಕಿರಣಗಳು ನೇರವಾಗಿ ಮುಖಕ್ಕೆ ಬಡಿಯುತ್ತವೆ. ತೆನೆಗೆ ಹೆಚ್ಚಿನ ಶಾಖ ಸಿಗುವುದೂ ಹೀಗೆಯೇ.

• ಸಂವಹನ: ಬಿಸಿ ಗಾಳಿ ಮೇಲೇರುತ್ತದೆ. ಕುಣಿಯ ಪಕ್ಕಕ್ಕಿಂತ ಅದರ ನೇರ ಮೇಲೆ ಬಿಸಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

• ವಹನ: ಕಾಳಿನ ಸಿಪ್ಪೆಗೆ ಬಿದ್ದ ಶಾಖ ಒಳಗೆ ಇಳಿಯುವುದು, ಬೂದಿಯಲ್ಲಿ ಹೂತಿಟ್ಟ ಗೆಣಸಿಗೆ ಶಾಖ ತಲುಪುವುದು.

ತೆನೆಯೊಳಗೆ ಏನು ನಡೆಯುತ್ತದೆ? ಎಳೆಯ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ನೀರು ಇರುವ ತನಕ ಕಾಳಿನ ಒಳಭಾಗ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಸುಮಾರು 70 ಡಿಗ್ರಿಯ ಹೊತ್ತಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಮೆತ್ತಗಾಗುತ್ತವೆ. ಅದೇ ಬೇಯುವುದು. ಅಂದರೆ ಕಾಳು ತನ್ನ ನೀರಿನಲ್ಲಿ ತಾನೇ ಬೇಯುತ್ತದೆ! ಹೊರಸಿಪ್ಪೆ ಮಾತ್ರ ಒಣಗಿ 140 ಡಿಗ್ರಿ ದಾಟಿದಾಗ ಸಕ್ಕರೆ ಮತ್ತು ಅಮೈನೋ ಆಮ್ಲ ಸೇರಿ ಕಂದು ಬಣ್ಣ, ಸುಟ್ಟ ಘಮ ಬರುತ್ತದೆ. ಇದಕ್ಕೆ ಮೈಯಾರ್ ಕ್ರಿಯೆ ಎನ್ನುತ್ತಾರೆ. ರೊಟ್ಟಿಯ ಮೇಲೆ ಏಳುವ ಕಂದು ಚುಕ್ಕಿಯೂ ಅದೇ.

3. ಕೆಂಡದ ಗಡಿಯಾರ

ಈಗ ಪಟ್ಟಿಯ ಮುಖ್ಯ ವಿಷಯ. ಬೆಂಕಿ ಹಚ್ಚಿದಾಗಿನಿಂದ ಆರುವ ತನಕ ನಾಲ್ಕು ಕಾಲ. ಒಂದೊಂದಕ್ಕೆ ಒಂದೊಂದು ಪದಾರ್ಥ.

*ಉರಿಯ ಕಾಲ:* ಹಸಿ ಕಡಲೆ ಗಿಡ, ಅಂದರೆ ಸುಲಗಾಯಿ. ಕಾಳಿಗೆ ಸಿಪ್ಪೆಯ ಗುಬ್ಬಿ ಇದೆ, ಉರಿ ತಾಗುವುದು ಅದಕ್ಕೆ. ಎರಡು-ಮೂರು ನಿಮಿಷ ಆಡಿಸಿದರೆ ಸಾಕು, ಒಳಗಿನ ಕಾಳು ಹದವಾಗಿ ಬೇಯುತ್ತದೆ.

*ಬಿರುಸು ಕೆಂಡ:* ಬದನಿಕಾಯಿ, ಉಳ್ಳಾಗಡ್ಡಿ. ಎರಡರ ಸಿಪ್ಪೆಯೂ ಸುಟ್ಟು ಕಪ್ಪಾದರೆ ನಷ್ಟವಿಲ್ಲ, ಅದನ್ನು ತೆಗೆದೇ ಹಾಕುತ್ತೇವೆ. ಬದನಿಕಾಯಿಗೆ ಮೊದಲೇ ನಾಲ್ಕು ಕಡೆ ಚುಚ್ಚಿ ತೂತು ಮಾಡಿ. ಇಲ್ಲವಾದರೆ ಒಳಗಿನ ಹಬೆ ಹೊರಬರಲು ದಾರಿಯಿಲ್ಲದೆ ಸಿಡಿಯುತ್ತದೆ.

*ಹದವಾದ ಕೆಂಡ:* ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕೂತಾಗ ಸೀತನಿ. ಬೂದಿ ಶಾಖಕ್ಕೆ ತೆರೆ ಹಿಡಿದಂತೆ. ಕಾಳು ಕರಕಾಗದೆ ಬೇಯುತ್ತದೆ.

*ಬೂದಿಯ ಕಾಲ:* ಅಂಚಿನ ಬಿಸಿ ಬೂದಿಯಲ್ಲಿ ಗೆಣಸು. ಗೆಣಸಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಅಮೈಲೇಸ್ ಎಂಬ ಕಿಣ್ವ ಇದೆ. ಅದು ಚುರುಕಾಗಿ ಕೆಲಸ ಮಾಡುವುದು ಸುಮಾರು 60ರಿಂದ 75 ಡಿಗ್ರಿಯಲ್ಲಿ. ಅದಕ್ಕಿಂತ ಬಹಳ ಬಿಸಿಯಾದರೆ ಕಿಣ್ವ ಕೆಡುತ್ತದೆ. ಗೆಣಸು ನಿಧಾನ ಬಿಸಿಯಾದಷ್ಟೂ ಕಿಣ್ವಕ್ಕೆ ಹೆಚ್ಚು ಸಮಯ ಸಿಗುತ್ತದೆ. ಅದಕ್ಕೇ ಬೂದಿಯಲ್ಲಿ ಸುಟ್ಟ ಗೆಣಸು ಅವಸರದಲ್ಲಿ ಬೇಯಿಸಿದ ಗೆಣಸಿಗಿಂತ ಸಿಹಿ.

ಕೆಂಡ ಯಾವ ಕಾಲದಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ದೊಡ್ಡವರು ಪಕ್ಕದಲ್ಲಿರುವಾಗ ಅಂಗೈಯನ್ನು ಕೆಂಡದಿಂದ ಒಂದು ಗೇಣು ಮೇಲೆ ಹಿಡಿದು ಎಣಿಸಿ. ಎರಡು-ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾದರೆ ಬಿರುಸು. ಐದರ ತನಕ ತಡೆದರೆ ಹದ. ಎಂಟು-ಹತ್ತು ಆದರೂ ಕೈ ಹಿಡಿದಿರಲು ಆಗುತ್ತಿದ್ದರೆ ಕೆಂಡ ಇಳಿದಿದೆ. ಬಿಸಿ ಎನಿಸಿದ ಕೂಡಲೇ ಕೈ ತೆಗೆಯಿರಿ, ಇದು ಧೈರ್ಯದ ಪರೀಕ್ಷೆ ಅಲ್ಲ.

ಕೆಂಡ ಇಳಿಯಿತು ಅಂತ ಅದೇ ಕುಣಿಗೆ ಹಸಿ ಕುಳ್ಳು ತುರುಕಬೇಡಿ. ಮತ್ತೆ ಹೊಗೆ ಏಳುತ್ತದೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಕುಣಿಯಲ್ಲಿ ಬೆಂಕಿ ಇಟ್ಟುಕೊಂಡು, ಅಲ್ಲಿ ತಯಾರಾದ ಕೆಂಡವನ್ನು ಸಲಿಕೆಯಿಂದ ಇಲ್ಲಿಗೆ ಎಳೆದುಕೊಳ್ಳಿ.

4. ದಪ್ಪದ ಲೆಕ್ಕ

ಶಾಖ ಒಳಗೆ ಇಳಿಯಲು ಬೇಕಾಗುವ ಸಮಯ ಪದಾರ್ಥದ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಸಮಯ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು.

4 ಸೆಂಟಿಮೀಟರ್ ದಪ್ಪದ ಗೆಣಸು 40 ನಿಮಿಷದಲ್ಲಿ ಬೆಂದಿತು ಎನ್ನೋಣ. 6 ಸೆಂಟಿಮೀಟರ್ ದಪ್ಪದ್ದಕ್ಕೆ ಎಷ್ಟು ಬೇಕು?

6 ÷ 4 = 1.5
1.5 × 1.5 = 2.25
40 × 2.25 = 90 ನಿಮಿಷ

ಸಂತೆಯಲ್ಲಿ ದೊಡ್ಡ ಗೆಣಸು ನೋಡಿ ಖುಷಿಪಟ್ಟು ತಂದರೆ ಊಟ ಮುಗಿದ ಮೇಲೆ ಬೇಯುತ್ತದೆ! ಸಣ್ಣವು, ಒಂದೇ ಅಳತೆಯವು ಆರಿಸಿ.

ಕೆಲವು ಮನೆಗಳಲ್ಲಿ ಕೋಳಿಯನ್ನೂ ಕೆಂಡದಲ್ಲಿ ಸುಡುತ್ತಾರೆ. ಅಲ್ಲಿಯೂ ಇದೇ ಲೆಕ್ಕ, ಆದರೆ ತಪ್ಪಿದರೆ ಆಗುವ ಹಾನಿ ದೊಡ್ಡದು. ಕೋಳಿ ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯುತ್ತವೆ. ಹೊರಗಿನ ಕಪ್ಪು ಬಣ್ಣ ನೋಡಿ ಬೆಂದಿದೆ ಎನ್ನಲಾಗದು. ಇಡೀ ಕಾಲು ಸುಡುವ ಬದಲು ಎಲುಬಿಲ್ಲದ, ಎರಡು-ಮೂರು ಸೆಂಟಿಮೀಟರ್ ದಪ್ಪದ ತುಂಡು ಮಾಡಿಸಿದರೆ ಒಳಗೆ ಬೇಗ ಬೇಯುತ್ತದೆ. ಹಸಿ ಮಾಂಸ ಮುಟ್ಟಿದ ತಟ್ಟೆ, ಚಾಕು, ಕೈ ತೊಳೆಯದೆ ಸೀತನಿ ಕಡೆ ಬರಬಾರದು. ಮಸಾಲೆ ಹಚ್ಚಿದ ಮಾಂಸವನ್ನು ಬಿಸಿಲಿನ ಹೊಲದಲ್ಲಿ ಎರಡು ತಾಸಿಗಿಂತ ಹೆಚ್ಚು ಇಡುವುದು ಅಪಾಯ. ಮಂಜುಗಡ್ಡೆಯ ಡಬ್ಬಿ ಇಲ್ಲವಾದರೆ ಪಟ್ಟಿಯಿಂದ ಕೋಳಿಯನ್ನು ಬಿಡುವುದೇ ಲೇಸು.

5. ಎಷ್ಟು ತೆನೆ ಬೇಕು?

"ಸಾಕಷ್ಟು ಕಿತ್ರ ಆತು" ಅಂತ ಅನ್ನಬೇಡಿ. ಸೀತನಿಗೆ ಕಿತ್ತ ತೆನೆ ಮತ್ತೆ ಬೆಳೆಯುವುದಿಲ್ಲ. ಮೆತ್ತನೆಯ ಹಿಟ್ಟಿನ ಹಂತದಲ್ಲಿ ಕಾಳಿಗೆ ಅದರ ಕೊನೆಯ ಒಣ ತೂಕದ ಸುಮಾರು ಅರ್ಧ ಮಾತ್ರ ಬಂದಿರುತ್ತದೆ. ಇನ್ನರ್ಧ ಬರುವ ಮುಂಚೆ ನಾವು ಕೀಳುತ್ತೇವೆ. ಹಾಗಾಗಿ ಲೆಕ್ಕ ಹಾಕಿಯೇ ಕೀಳಬೇಕು.

ಹಿಂದಿನ ದಿನ ಐದು ತೆನೆ ಸುಟ್ಟು, ಉದುರಿದ ಕಾಳು ತೂಗಿ. ನಿಮ್ಮ ಹೊಲದ ಅಂಕಿ ಬೇರೆ ಬರುತ್ತದೆ. ಇಲ್ಲಿ ಲೆಕ್ಕಕ್ಕೆ ಐದು ತೆನೆಗೆ 250 ಗ್ರಾಂ, ಅಂದರೆ ಒಂದಕ್ಕೆ 50 ಗ್ರಾಂ ಎಂದು ಹಿಡಿಯೋಣ.

ದೊಡ್ಡವರು: 12 × 150 ಗ್ರಾಂ = 1800 ಗ್ರಾಂ
ಮಕ್ಕಳು: 8 × 100 ಗ್ರಾಂ = 800 ಗ್ರಾಂ
ಹಿರಿಯರು: 4 × 75 ಗ್ರಾಂ = 300 ಗ್ರಾಂ
ಒಟ್ಟು = 2900 ಗ್ರಾಂ

ಉಜ್ಜುವಾಗ, ತೂರುವಾಗ ನೂರಕ್ಕೆ ಹತ್ತು ಹಾಳಾಗುತ್ತದೆ ಎಂದರೆ 2900 ÷ 0.9 = ಸುಮಾರು 3222 ಗ್ರಾಂ. ಅದನ್ನು 50ರಿಂದ ಭಾಗಿಸಿದರೆ 64.4. ಅಂದರೆ 65 ತೆನೆ.

ಈಗ ಸಮಯ. ಕುಣಿಯಲ್ಲಿ ಒಮ್ಮೆಗೆ 6 ತೆನೆ, ಒಂದು ಸರದಿಗೆ 5 ನಿಮಿಷ ಎನ್ನಿ. 65 ತೆನೆಗೆ 11 ಸರದಿ, 55 ನಿಮಿಷ. ಒಂದು ಸರದಿಯಲ್ಲಿ ಸಿಗುವುದು 300 ಗ್ರಾಂ, ಅದು ಇಬ್ಬರು ದೊಡ್ಡವರಿಗೆ ಮಾತ್ರ ಸಾಕು. ಉಳಿದ 22 ಮಂದಿ ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹೇಳುವುದೇ ಒಳ್ಳೆಯ ಪಟ್ಟಿ. ಸೀತನಿಯನ್ನು ಸುಟ್ಟು ರಾಶಿ ಹಾಕಿಟ್ಟು ಎಲ್ಲರಿಗೂ ಒಟ್ಟಿಗೆ ಬಡಿಸಲಾಗದು. ತಣ್ಣಗಾದಂತೆ ಪಿಷ್ಟ ಮತ್ತೆ ಬಿಗಿದುಕೊಂಡು ಕಾಳು ಗಟ್ಟಿಯಾಗುತ್ತದೆ. ಆರಿದ ರೊಟ್ಟಿ ಬಿರುಸಾಗುವುದಕ್ಕೂ ಇದೊಂದು ಕಾರಣ. ಆದ್ದರಿಂದ ಸರದಿಯ ಪ್ರಕಾರ ಎಲ್ಲರಿಗೂ ಒಂದೊಂದು ಹಿಡಿ ಹಂಚಬೇಕು, ನಡುವೆ ಬೇರೆ ತಿನಿಸು ಕೈಯಲ್ಲಿರಬೇಕು. ಸುಲಗಾಯಿ, ಬಾರಿಹಣ್ಣು, ಪೇರಲ, ಕಬ್ಬು ಈ ಖಾಲಿ ಜಾಗ ತುಂಬುತ್ತವೆ. ಎರಡು ಕುಣಿ ಮಾಡಿದರೆ ಅರ್ಧ ತಾಸಿನಲ್ಲಿ ಕೆಲಸ ಮುಗಿಯುತ್ತದೆ, ಆದರೆ ಸುಡುವವರೂ ಉಜ್ಜುವವರೂ ಎರಡು ಪಟ್ಟು ಬೇಕು.

6. ಜೊತೆಗೆ ಏನು, ಯಾಕೆ?

ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಡಲೆಯಲ್ಲಿ, ಮೊಸರಿನಲ್ಲಿ ಅದು ಚೆನ್ನಾಗಿದೆ. ಹಾಗಾಗಿ ಸೀತನಿಗೆ ಸುಲಗಾಯಿ, ಮೊಸರು ಒಳ್ಳೆಯ ಜೋಡಿ. ಶೇಂಗಾ ಚಟ್ನಿ ಪ್ರೋಟೀನ್ ಜೊತೆಗೆ ಎಣ್ಣೆಯ ಅಂಶ ಕೊಡುತ್ತದೆ. ಪೇರಲ, ಬಾರಿಹಣ್ಣು, ನಿಂಬೆಯಲ್ಲಿರುವ ಸಿ ಜೀವಸತ್ವ ಧಾನ್ಯದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಹಾಯ ಮಾಡುತ್ತದೆ.

ಹೊಲಕ್ಕೆ ಒಯ್ಯುವ ಚಟ್ನಿ ಒಣದೇ ಇರಲಿ: ಶೇಂಗಾ, ಅಗಸಿ, ಗುರೆಳ್ಳು. ಸೂಕ್ಷ್ಮಜೀವಿ ಬೆಳೆಯಲು ನೀರು ಬೇಕು. ಒಣ ಚಟ್ನಿಯಲ್ಲಿ ಅದು ಇಲ್ಲ. ಹಸಿ ಕೊಬ್ಬರಿ ಚಟ್ನಿ ಬಿಸಿಲಿಗೆ ಬೇಗ ಹಳಸುತ್ತದೆ. ಮೊಸರಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಿ. ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಎಳೆದುಕೊಳ್ಳುತ್ತದೆ, ಮೊಸರು ತಂಪಾಗಿರುತ್ತದೆ.

ಶೇಂಗಾ ಆರಿಸುವಾಗ ಬೂಸ್ಟು ಹಿಡಿದ, ಸುಕ್ಕುಗಟ್ಟಿದ, ಬಣ್ಣಗೆಟ್ಟ ಬೀಜ ಎಸೆಯಿರಿ. ಕೆಲವು ಬೂಸ್ಟು ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

7. ಉಣ್ಣುವವರು ಯಾರು?

ಪಟ್ಟಿಯ ಪಕ್ಕದಲ್ಲಿ ಬರುವವರ ಹೆಸರನ್ನೂ ಬರೆಯಿರಿ. ಒಬ್ಬೊಬ್ಬರ ಮುಂದೆ ಒಂದು ಗುರುತು ಹಾಕಿ.

ಮುತ್ಯಾಗೆ ಹಲ್ಲಿಲ್ಲವೆ? ಬದನಿಕಾಯಿ ಬಜ್ಜಿ, ಮೆತ್ತನೆಯ ಗೆಣಸು, ಮೊಸರು ಅವರಿಗೆ ಇರಲಿ. ಸೀತನಿಯಲ್ಲಿ ಎಳೆಯ ಕಾಳು ಆರಿಸಿ ಬಿಸಿಬಿಸಿ ಕೊಡಿ. ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೆ? ಸೀತನಿ, ಗೆಣಸು, ಬೆಲ್ಲ ಮೂರರಲ್ಲೂ ಸಕ್ಕರೆ ಅಥವಾ ಪಿಷ್ಟ ಇದೆ. ಮೂರನ್ನೂ ಒಟ್ಟಿಗೆ ಬಡಿಸದೆ, ಒಂದು ಅಳತೆಯ ಸೀತನಿಯ ಜೊತೆ ಬದನಿಕಾಯಿ, ಮೊಸರು, ಚಟ್ನಿ ಕೊಡಬಹುದು. ಶೇಂಗಾ ತಿಂದರೆ ಮೈ ದದ್ದು ಏಳುವುದು, ಉಸಿರು ಕಟ್ಟುವುದು ಯಾರಿಗಾದರೂ ಇದ್ದರೆ ಮೊದಲೇ ಕೇಳಿ, ಅವರ ತಟ್ಟೆ, ಚಮಚ ಬೇರೆ ಇಡಿ.

ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾ, ಸುಟ್ಟ ಕಡಲೆ ಕೊಡಬೇಡಿ. ಓಡಾಡುತ್ತ, ನಗುತ್ತ ತಿನ್ನುವಾಗ ಕಾಳು ಗಂಟಲ ದಾರಿ ಬಿಟ್ಟು ಶ್ವಾಸನಾಳಕ್ಕೆ ಜಾರಬಹುದು. ಅವರಿಗೆ ಹಿಸುಕಿದ ಗೆಣಸು ಸಾಕು. "ಕೂತು ತಿನ್ನು" ಅಂತ ಆಯಿ ಬೈಯುವುದರಲ್ಲಿ ವಿಜ್ಞಾನ ಇದೆ.

8. ಬೆಂಕಿಯ ಶಿಸ್ತು

• ಜನವರಿಯ ಜೋಳದ ಕೆಳಗಿನ ಎಲೆ ಒಣಗಿರುತ್ತದೆ. ಕುಣಿ ಬಯಲು ನೆಲದಲ್ಲಿ, ಬೆಳೆಯಿಂದಲೂ ಕಣಕಿ ಬಣವೆಯಿಂದಲೂ ದೂರ ಇರಲಿ. ಗಾಳಿ ಯಾವ ಕಡೆ ಬೀಸುತ್ತದೆ ನೋಡಿ. ಎರಡು ಕೊಡ ನೀರು ಪಕ್ಕದಲ್ಲಿರಲಿ.

• ಪ್ಲಾಸ್ಟಿಕ್, ಬಣ್ಣ ಬಳಿದ ಕಟ್ಟಿಗೆ ಬೆಂಕಿಗೆ ಹಾಕಬೇಡಿ. ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ. ಅದರ ಕಡ್ಡಿಗೆ ಏನನ್ನೂ ಚುಚ್ಚಿ ಸುಡಬಾರದು, ಅದನ್ನು ಉರಿಸಲೂಬಾರದು.

• ಬಿಸಿ ತೆನೆ ಬರಿಗೈಯಲ್ಲಿ ಉಜ್ಜುವುದು ರೂಢಿ ಇದ್ದವರಿಗೆ ಮಾತ್ರ. ನೀವು ದಪ್ಪ ಬಟ್ಟೆಯಲ್ಲಿ ಸುತ್ತಿ ಉಜ್ಜಿ, ಮರದಲ್ಲಿ ಹಾಕಿ ಕೇರಿ.

• ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಿ. ಎಣ್ಣೆ, ಪೇಸ್ಟ್, ಅರಿಶಿಣ ಹಚ್ಚಬೇಡಿ. ಗಾಯ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಿ.

• ರಾತ್ರಿ ಚಳಿ ಅಂತ ಉಳಿದ ಕೆಂಡವನ್ನು ಗುಡಿಸಲೊಳಗೆ, ಕೋಣೆಯೊಳಗೆ ಒಯ್ದು ಮಲಗಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮಲಗಿದವರಿಗೆ ಎಚ್ಚರವೇ ಆಗದಿರಬಹುದು.

• ಬೂದಿ ಮುಚ್ಚಿದ ಕೆಂಡ ಆರಿದಂತೆ ಕಂಡರೂ ತಾಸುಗಟ್ಟಲೆ ಜೀವ ಹಿಡಿದಿರುತ್ತದೆ. ನೀರು ಹಾಕಿ, ಕೋಲಿನಿಂದ ಕಲಸಿ, ಮತ್ತೆ ನೀರು ಹಾಕಿ, ಮಣ್ಣು ಮುಚ್ಚಿ ಹೊರಡಿ.

• ದನಗಳ ಬಗ್ಗೆ ಒಂದು ಮಾತು. ಜೋಳದ ಎಳೆಯ ಚಿಗುರಿನಲ್ಲಿ ಧುರಿನ್ ಎಂಬ ವಸ್ತು ಇದ್ದು, ಅದು ದನದ ಹೊಟ್ಟೆಯಲ್ಲಿ ಒಡೆದು ಹೈಡ್ರೋಜನ್ ಸಯನೈಡ್ ಎಂಬ ವಿಷ ಬಿಡುತ್ತದೆ. ಬರದಲ್ಲಿ ಬಾಡಿದ ಬೆಳೆಯಲ್ಲಿ, ಕೊಯ್ದ ಬುಡದಿಂದ ಹೊಸದಾಗಿ ಒಡೆದ ಚಿಗುರಿನಲ್ಲಿ ಇದು ಹೆಚ್ಚು. ಸೀತನಿಯ ಗದ್ದಲದಲ್ಲಿ ಎತ್ತು-ಕರು ಬಿಚ್ಚಿಕೊಂಡು ಅಂಥ ಚಿಗುರು ಮೇಯದಂತೆ ಕಾಯಿರಿ. ಕಾಳಿನಲ್ಲಿ ಧುರಿನ್ ಅತಿ ಕಡಿಮೆ, ಸೀತನಿಗೆ ಹೆದರಬೇಕಿಲ್ಲ.

9. ನಿಮ್ಮ ಊರಿನ ಕೆಂಡ

ಜೋಳ ಬೆಳೆಯದ ಊರಿನವರೂ ಇದೇ ಕ್ರಮದಲ್ಲಿ ಪಟ್ಟಿ ಮಾಡಬಹುದು. ಕಾಸರಗೋಡಿನವರು ಹಲಸಿನ ಬೀಜ ಸುಡುವಾಗ ಸಿಪ್ಪೆ ಸ್ವಲ್ಪ ಸೀಳಿ. ಬದನಿಕಾಯಿಗೆ ತೂತು ಮಾಡಿದ ಕಾರಣವೇ ಇಲ್ಲಿಯೂ. ಗೇರುಬೀಜದ ಕತೆ ಬೇರೆ. ಅದರ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಬೆಂಕಿಗೆ ಬಿದ್ದರೆ ಸಿಡಿಯುತ್ತದೆ, ಅದರ ಹೊಗೆ ಕಣ್ಣಿಗೆ, ಎದೆಗೆ ಕೆಟ್ಟದ್ದು. ಅದನ್ನು ಮಕ್ಕಳು ಸುಡಬಾರದು, ಊಟದ ಕುಣಿಯಲ್ಲಂತೂ ಬೇಡವೇ ಬೇಡ. ಆದೋನಿ, ರಾಯದುರ್ಗದವರಿಗೆ ಶೇಂಗಾ, ನೀಲಗಿರಿಯವರಿಗೆ ಆಲೂಗಡ್ಡೆ ಇದೆ. ಆಲೂಗಡ್ಡೆಗೆ ದಪ್ಪದ ಲೆಕ್ಕ ಮರೆಯಬೇಡಿ.

10. ಸಿದ್ಧವಾದ ಪಟ್ಟಿ

10:00 – ಎರಡೂ ಕುಣಿಗೆ ಬೆಂಕಿ. ದೊಡ್ಡವರಿಬ್ಬರು ಕಾವಲು.
10:15 – ಉರಿಯಲ್ಲಿ ಸುಲಗಾಯಿ. ದೊಡ್ಡ ಮಕ್ಕಳ ಬಾಯಿ ಶುರು.
10:30 – ಬಿರುಸು ಕೆಂಡದಲ್ಲಿ ಬದನಿಕಾಯಿ, ಉಳ್ಳಾಗಡ್ಡಿ. ತೆನೆ ಕೀಳಲು ಇಬ್ಬರು ಹೊಲಕ್ಕೆ, ಎಣಿಸಿ 65.
10:55 – ಅಂಚಿನ ಬೂದಿಗೆ ಸಣ್ಣ ಗೆಣಸು. ಬಜ್ಜಿ ಕಲಸುವುದು.
11:00 – ಸೀತನಿಯ ಮೊದಲ ಸರದಿ. ಮುತ್ಯಾ-ಆಯಿಗೆ, ಸಣ್ಣ ಮಕ್ಕಳಿಗೆ ಮೊದಲು.
11:55 – ಕೊನೆಯ ಸರದಿ. ಸುಟ್ಟವರೂ ಕೂತು ತಿನ್ನಲಿ.
12:00 – ಬೂದಿಯಿಂದ ಗೆಣಸು, ಜೊತೆಗೆ ಮೊಸರು, ಹಣ್ಣು.
12:45 – ಕೆಂಡ ಆರಿಸುವುದು, ಜಾಗ ಸ್ವಚ್ಛ.

ಅಭ್ಯಾಸ

1. ಸೀತನಿಯ ಕಾಳು ಬೇಯಲು ಹೊರಗಿನಿಂದ ನೀರು ಬೇಡ, ಒಣ ಜೋಳಕ್ಕೆ ಬೇಕು. ಕಾರಣ ಬರೆಯಿರಿ.

2. 3 ಸೆಂಟಿಮೀಟರ್ ದಪ್ಪದ ಆಲೂಗಡ್ಡೆ 24 ನಿಮಿಷದಲ್ಲಿ ಬೆಂದರೆ, 6 ಸೆಂಟಿಮೀಟರ್ ದಪ್ಪದ್ದಕ್ಕೆ ಸುಮಾರು ಎಷ್ಟು ಸಮಯ?

3. ಮೇಲಿನ ಲೆಕ್ಕದ 65 ತೆನೆಯ 50 ಗ್ರಾಂ ಕಾಳಿನಲ್ಲಿ ಅರ್ಧ ನೀರು ಎಂದು ಹಿಡಿದರೆ ಒಣ ತೂಕ ಎಷ್ಟು? ಅದೇ ತೆನೆ ಬಲಿತು ಒಣ ತೂಕ ಎರಡರಷ್ಟು ಆಗಿದ್ದರೆ ಎಷ್ಟಿರುತ್ತಿತ್ತು? ಒಂದು ರೊಟ್ಟಿಗೆ 100 ಗ್ರಾಂ ಹಿಟ್ಟು ಎಂದರೆ, ಸೀತನಿಗಾಗಿ ನಿಮ್ಮ ಮನೆ ಎಷ್ಟು ರೊಟ್ಟಿ ಬಿಟ್ಟುಕೊಟ್ಟಿತು? ಗೊತ್ತಾದ ಮೇಲೆ ಆ ಅಂಕಿಯನ್ನು ಹೊಲದ ಒಡೆಯರಿಗೆ ಹೇಳಿ, ಅವರು ಏನನ್ನುತ್ತಾರೆ ಬರೆದುಕೊಂಡು ಬನ್ನಿ.

4. ನಿಮ್ಮ ಊರಿನಲ್ಲಿ ಕೆಂಡದಲ್ಲಿ ಸುಡುವ ನಾಲ್ಕು ಪದಾರ್ಥ ಆರಿಸಿ. ಕೆಂಡದ ನಾಲ್ಕು ಕಾಲಕ್ಕೆ ಹೊಂದಿಸಿ, ನಿಮ್ಮ ಮನೆಯ ಮಂದಿಗೆ ತಕ್ಕ ಪಟ್ಟಿ ಬರೆಯಿರಿ. ಪ್ರತಿ ಪದಾರ್ಥದ ಮುಂದೆ "ಯಾಕೆ ಈ ಹೊತ್ತಿಗೆ?" ಎಂಬುದಕ್ಕೆ ಒಂದು ಸಾಲಿನ ಉತ್ತರ ಇರಲಿ.